ಕಿಟಕಿ ತೆರೆದ ಮೇಲೂ ನಡೆಯುತ್ತೆ

ಆ ಆಫೀಸಿನಲ್ಲಿ ಎದುರಿಗೆ ಅವಳನ್ನು ಎಕ್ಸ್‌ಚೇಂಜ್ ಅಕ್ಕ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ತಕರಾರಕ್ಕ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಒಮ್ಮೆ ಊಟದ ಹೊತ್ತಿನಲ್ಲಿ ಯಾರೋ ಬಾಯಿ ತಪ್ಪಿ ಎರಡನೆಯ ಹೆಸರನ್ನೇ ಕೂಗಿ ನಾಲಿಗೆ ಕಚ್ಚಿಕೊಂಡಾಗ, "ಏನು, ಹೇಳಿ" ಎಂದು ತಣ್ಣಗೆ ಓಗೊಟ್ಟು ಡಬ್ಬಿಯ ಮುಚ್ಚಳ ಹಾಕಿದ್ದಳು. ತಕರಾರು ಮಾಡಲಿ ಎಂದೇ ಕೆಲಸ ಕೊಟ್ಟು ಕೂರಿಸಿಕೊಂಡಿರುವಾಗ ಆ ಹೆಸರಿಗೆ ನಾಚಿಕೊಳ್ಳುವುದು ಏನಿದೆ?

ವಯಸ್ಸು ಐವತ್ತೊಂದು. ಅದರಲ್ಲಿ ಇಪ್ಪತ್ತಾರು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜ್ ಬೋರ್ಡಿನ ಮುಂದೆ ಕಳೆದಿತ್ತು. ಆಸ್ಪತ್ರೆ ಹಳೆಯದು, ಬೋರ್ಡು ಅದಕ್ಕಿಂತ ಹಳೆಯದು. ಕಿವಿಗೆ ಹೆಡ್‌ಫೋನು, ಎದುರಿಗೆ ಸಾಲು ಸಾಲು ತೂತು, ಕೈಯಲ್ಲಿ ತುದಿಗೆ ಪಿನ್ನು ಇರುವ ವೈರು. ಹೊರಗಿನಿಂದ ಕರೆ ಬಂದರೆ ಒಂದು ತುದಿಯನ್ನು ಅದರ ತೂತಿಗೆ ಚುಚ್ಚಬೇಕು, ಇನ್ನೊಂದನ್ನು ವಾರ್ಡಿನ ತೂತಿಗೆ. ಮಾತು ಮುಗಿದರೆ ಎರಡನ್ನೂ ಕಿತ್ತು ಲೈನು ಖಾಲಿ ಮಾಡಬೇಕು. ಯಾರ ಮಾತು ಯಾರ ಕಿವಿಗೆ ಹೋಗಬೇಕು, ಅಷ್ಟೇ ಅವಳ ವಿದ್ಯೆ. ಆಮೇಲೆ ಒಂದು ದಿನ ಬೋರ್ಡನ್ನು ಕಿತ್ತು ಗೋಡೆಗೊಂದು ಪುಟ್ಟ ಪೆಟ್ಟಿಗೆ ಹೊಡೆದರು. ಪೆಟ್ಟಿಗೆಯ ಮುಂದೆ ಕೂರಲು ಯಾರೂ ಬೇಕಿರಲಿಲ್ಲ.

ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಕಂಪ್ಯೂಟರ್ ಗೇಮ್ ಮಾಡುವವರಿದ್ದಾರೆ, ಆಡಿ ನೋಡಿ ತಪ್ಪು ಹುಡುಕುವವರು ಬೇಕಂತೆ ಎಂದು ಪಕ್ಕದ ಮನೆಯವಳು ಹೇಳಿದ್ದೇ ತಡ, ಚೀಲ ಹಿಡಿದು ಹತ್ತಿದಳು. ಮಾಲೀಕ ನಲವತ್ತರ ಆಸುಪಾಸಿನವನು, ಮಾತು ಮುಗಿಯುವ ಮೊದಲೇ ಇನ್ನೊಂದು ಮಾತಿಗೆ ಹಾರುವವನು.

"ಗೇಮ್ ಆಡಿ ಗೊತ್ತಾ ನಿಮಗೆ?" ಎಂದು ಕೇಳಿದ.

"ಗೊತ್ತಿಲ್ಲ ಸಾರ್. ಅದಕ್ಕೇ ಬಂದೆ. ಗೊತ್ತಿರೋರು ತಪ್ಪಿಗೆ ಹೊಂದ್ಕೊಂಡ್‌ಬಿಟ್ಟಿರ್ತಾರೆ."

ಅವನಿಗೆ ಆ ಮಾತು ಹಿಡಿಸಿತು. ಹಿಡಿಸಿದ್ದಕ್ಕೆ ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡನೋ ಲೆಕ್ಕವಿಲ್ಲ.

ಅವರು ಮಾಡುತ್ತಿದ್ದದ್ದು ಒಂದು ರೈಲ್ವೆ ಗೇಮ್. ಬೆಟ್ಟದ ಮೇಲೊಂದು ಸಣ್ಣ ಸ್ಟೇಷನ್ನು, ಅಲ್ಲೊಬ್ಬನೇ ಗಾರ್ಡು. ಆಡುವವರೇ ಆ ಗಾರ್ಡು. ಅಕ್ಕ ಅದನ್ನು ಗೊಂಬೆ ಎಂದಳು. ವಾರದೊಳಗೆ ಆಫೀಸಿಗೆ ಆಫೀಸೇ ಗೊಂಬೆ ಎನ್ನತೊಡಗಿತು. ಕೀಬೋರ್ಡಿನ ನಾಲ್ಕು ಅಕ್ಷರ ಗೊಂಬೆಯ ಕಾಲು: ಡಬ್ಲ್ಯೂ ಒತ್ತಿ ಹಿಡಿದರೆ ಮುಂದೆ ನಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೌಸು ಗೊಂಬೆಯ ಕತ್ತು: ಅತ್ತ ತಿರುಗಿಸಿದರೆ ಅತ್ತ ನೋಡುತ್ತದೆ. ಕ್ಯಾಮೆರಾ ಎಂದು ಅವರು ಹೇಳುತ್ತಿದ್ದದ್ದು ಈ ಕತ್ತಿಗೇ. ಆದರೆ ಗಾರ್ಡಿನ ಚೀಲ, ನಕ್ಷೆ, ರೈಲು ಬಂದ ಹೊತ್ತು ಬರೆಯುವ ಪುಸ್ತಕ ಇವೆಲ್ಲ ಬೇರೆ ಬೇರೆ ಕಿಟಕಿಗಳಾಗಿ ತೆರೆಯುತ್ತಿದ್ದವು. ಕಿಟಕಿ ತೆರೆದ ಕೂಡಲೇ ಮೌಸು ಕತ್ತನ್ನು ಬಿಟ್ಟು ಬಾಣದ ಗುರುತಾಗಬೇಕು, ಕೀಬೋರ್ಡು ಕಾಲನ್ನು ಬಿಟ್ಟು ಪೆನ್ನಾಗಬೇಕು. ಮುಚ್ಚಿದ ಕೂಡಲೇ ಮತ್ತೆ ಕತ್ತು, ಮತ್ತೆ ಕಾಲು. ಕೇಳಲು ಸುಲಭ. ಅದನ್ನು ಸರಿ ಮಾಡುವುದಕ್ಕೇ ಎಂಟು ತಿಂಗಳು ತಿಣುಕಿದ್ದರು.

ಅಕ್ಕನಿಗೆ ಇದು ನೋಡಿದ ತಕ್ಷಣ ಅರ್ಥವಾಯಿತು. "ಅಯ್ಯೋ, ಇದು ನನ್ನ ಬೋರ್ಡೇ ಕಣ್ರೀ" ಎಂದಳು. ಒಂದು ಕೈ, ಎರಡು ಕಿವಿ. ಯಾವ ಹೊತ್ತಿಗೆ ಯಾವ ಕಿವಿಗೆ ಕೊಡಬೇಕು ಎನ್ನುವುದೇ ಪ್ರಶ್ನೆ. ಬಂದ ಎರಡನೆಯ ತಿಂಗಳಲ್ಲೇ ಒಂದು ತಪ್ಪು ಹಿಡಿದಳು. ನಕ್ಷೆ ತೆರೆದು, ಅದರ ಮೇಲೆ ಚೀಲ ತೆರೆದು, ಚೀಲವನ್ನು ಮುಚ್ಚಿದರೆ ಮೌಸು ಗೊಂಬೆಯ ಕತ್ತಿಗೆ ಹೋಗಿಬಿಡುತ್ತಿತ್ತು. ನಕ್ಷೆ ಇನ್ನೂ ಎದುರಿಗೇ ಇದೆ, ಮುಚ್ಚೋಣವೆಂದರೆ ಬಾಣವೇ ಇಲ್ಲ. ಪ್ರೋಗ್ರಾಂ ಬರೆಯುವವನು ತಲೆ ಕೆರೆದುಕೊಂಡ. ತೆರೆದರೆ ಅತ್ತ, ಮುಚ್ಚಿದರೆ ಇತ್ತ ಎಂದು ಲೈಟಿನ ಸ್ವಿಚ್ಚಿನ ಹಾಗೆ ಬರೆದಿಟ್ಟಿದ್ದ.

"ಸ್ವಿಚ್ ಅಲ್ಲಪ್ಪ ಅದು" ಎಂದಳು ಅಕ್ಕ. "ಒಂದು ವೈರು ಕಿತ್ತ ಮಾತ್ರಕ್ಕೆ ಬೋರ್ಡು ಖಾಲಿ ಅಂದ್ಕೊಂಡ್ರೆ ಆಯ್ತಾ? ಇನ್ನೂ ಎಷ್ಟು ಸಿಕ್ಕಿಸಿವೆ ಅಂತ ಎಣಿಸು. ಒಂದೂ ಇಲ್ಲ ಅಂದ್ರೆ ಮಾತ್ರ ಗೊಂಬೆಗೆ ಕೊಡು."

ಅವನು ಎಣಿಸಿದ. ಸರಿ ಹೋಯಿತು. ಈ ಪ್ರೋಗ್ರಾಮರಿಗೆ ಆಫೀಸಿನಲ್ಲಿ ಆಗುತ್ತಣ್ಣ ಎಂದು ಹೆಸರು. ಎರಡು ಮಕ್ಕಳ ತಂದೆ, ಸಾಧು ಪ್ರಾಣಿ, ಯಾರು ಏನು ಕೇಳಿದರೂ "ಆಗುತ್ತೆ, ಆಗುತ್ತೆ" ಎಂದೇ ತಲೆಯಾಡಿಸುವವನು. ಅಂದಿನಿಂದ ಅವನು ಅಕ್ಕನನ್ನು ಕುರ್ಚಿಯಿಂದ ಅರ್ಧ ಎದ್ದು ಮಾತಾಡಿಸತೊಡಗಿದ.

ಹೀಗೆ ಹೊಂದಿಕೊಂಡು ಹೋಗುತ್ತಿದ್ದಾಗಲೇ ಅವಳಿಗೆ ಇನ್ನೊಂದು ತಪ್ಪು ಕಂಡಿತು, ಅಲ್ಲಿಂದ ಶುರುವಾಯಿತು ರಾಮಾಯಣ.

ಒಂದು ಬೆಳಗ್ಗೆ ಗೊಂಬೆಯನ್ನು ಪ್ಲಾಟ್‌ಫಾರಂ ಮೇಲೆ ನಡೆಸುತ್ತಿದ್ದವಳು ರೈಲಿನ ಸದ್ದು ಕೇಳಿ ಕಿರುಬೆರಳಿನಿಂದ ಟ್ಯಾಬ್ ಕೀ ಒತ್ತಿ ಪುಸ್ತಕ ತೆರೆದಳು. ರೈಲು ಬಂದ ಹೊತ್ತನ್ನು ಬರೆದಳು. ಮುಚ್ಚಿ ನೋಡಿದರೆ ಗೊಂಬೆ ಪ್ಲಾಟ್‌ಫಾರಂ ಮೇಲಿಲ್ಲ. ಹಳಿಯ ಮೇಲೆ ರೈಲಿನಡಿ ಬಿದ್ದಿದೆ. ಬೆಳಗಿನಿಂದ ಆಡಿದ್ದೆಲ್ಲ ಮಣ್ಣುಪಾಲು. ಅವಳು ಪುಸ್ತಕ ಬರೆಯುತ್ತಿದ್ದಷ್ಟು ಹೊತ್ತೂ ಗೊಂಬೆ ಆ ಕಿಟಕಿಯ ಹಿಂದೆ ತನ್ನಷ್ಟಕ್ಕೆ ನಡೆಯುತ್ತಲೇ ಇತ್ತು.

ನೂರು ಸಲ ಮಾಡಿ ನೋಡಿದಳು. ಮೂವತ್ತೊಂದು ಸಲ ಬಿತ್ತು. ಬೀಳುವುದು ಯಾವಾಗ, ಬೀಳದಿರುವುದು ಯಾವಾಗ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ಮೂರು ದಿನಕ್ಕೆ ಕಾರಣ ಹಿಡಿದಳು. ಪುಸ್ತಕದ ಕಿಟಕಿ ಪಟ್ಟನೆ ತೆರೆಯುತ್ತಿರಲಿಲ್ಲ. ಚಿತ್ರ ಬರೆಯುವ ಹುಡುಗಿ ಅದಕ್ಕೆ ಹಾಳೆ ಮಗುಚಿದ ಹಾಗೆ ಚೆಂದವಾಗಿ ತೆರೆಯುವ ಚಲನೆ ಕೊಟ್ಟಿದ್ದಳು, ಅರ್ಧ ಸೆಕೆಂಡಿನದು. ಆ ಅರ್ಧ ಸೆಕೆಂಡು ಕೀಬೋರ್ಡು ಅತ್ತ ಗೊಂಬೆಗೂ ಇಲ್ಲ, ಇತ್ತ ಪುಸ್ತಕಕ್ಕೂ ಇಲ್ಲ. ಅದರೊಳಗೆ ಡಬ್ಲ್ಯೂ ಮೇಲಿನ ಬೆರಳನ್ನು ಎತ್ತಿದರೆ ಎತ್ತಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಗೊಂಬೆಗೆ ಒತ್ತಿದ್ದು ಕೇಳಿತ್ತು, ಬಿಟ್ಟದ್ದು ಕೇಳಲಿಲ್ಲ. ಪಾಪ, ಅದು ನಡೆಯದೆ ಇನ್ನೇನು ಮಾಡೀತು?

ಆಗುತ್ತಣ್ಣ ತನ್ನ ಕಂಪ್ಯೂಟರಿನಲ್ಲಿ ಮಾಡಿ ನೋಡಿದ. ಒಂದು ಸಲವೂ ಬೀಳಲಿಲ್ಲ.

"ನನ್ನ ಹತ್ರ ಆಗ್ತಾ ಇಲ್ಲ ಅಕ್ಕ" ಎಂದ.

"ನಿನ್ನ ಬೆರಳು ಚುರುಕು ಕಣಪ್ಪ. ಟ್ಯಾಬ್ ಒತ್ತೋಕೆ ಮೊದಲೇ ಡಬ್ಲ್ಯೂ ಬಿಟ್ಟಿರುತ್ತೆ. ನನ್ನದು ನಿಧಾನ. ಸರಿಯಾಗಿ ಆ ಸಂದೀಲೇ ಎದ್ದೇಳುತ್ತೆ."

ಅವಳ ಎಡಗೈಯ ನಡುಬೆರಳು, ಉಂಗುರಬೆರಳು ಎರಡು ವರ್ಷದಿಂದ ಬಿಗಿಯಾಗಿದ್ದವು. ಬೆಳಗ್ಗೆ ಬಿಸಿನೀರಿನಲ್ಲಿ ಅದ್ದಿದರೆ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಮಾತು ಕೇಳುತ್ತಿದ್ದವು. ಅದನ್ನು ಅವಳು ಮುಚ್ಚಿಟ್ಟಿರಲಿಲ್ಲ. ಹೇಳಿಕೊಂಡು ತಿರುಗಿಯೂ ಇರಲಿಲ್ಲ.

ಅವರಲ್ಲಿ ತಪ್ಪು ಒಪ್ಪು ಬರೆಯುವುದಕ್ಕೊಂದು ಹಾಳೆ ಇತ್ತು. ಸರಿ ಇರುವುದರ ಮುಂದೆ ಎಲ್ಲರೂ "ನಡೆಯುತ್ತೆ" ಎಂದು ಬರೆಯುತ್ತಿದ್ದರು, ಕೆಟ್ಟಿರುವುದರ ಮುಂದೆ "ಇಲ್ಲ" ಎಂದು. ಅಕ್ಕನಿಗೆ ಒಂದು ಪದದಲ್ಲಿ ಬರೆದು ರೂಢಿಯಿಲ್ಲ. ಏನು ಕಂಡಿತೋ ಅದನ್ನೇ ವಾಕ್ಯವಾಗಿ ಬರೆಯುವವಳು. ಗೊಂಬೆಯ ಕಾಲು ಎಂಬ ಸಾಲಿನ ಮುಂದೆ ಅವಳು ದುಂಡು ಅಕ್ಷರದಲ್ಲಿ ಬರೆದದ್ದು ಇಷ್ಟು: "ಕಿಟಕಿ ತೆರೆದ ಮೇಲೂ ನಡೆಯುತ್ತೆ." ಕೆಳಗೆ ತನ್ನ ಹೆಸರಿನ ಎರಡಕ್ಷರ.

ಮಾಲೀಕ ಆ ಹಾಳೆಯನ್ನು ಮೆಟ್ಟಿಲು ಇಳಿಯುತ್ತಾ ಓದಿದ. ಕಿಟಕಿ ತೆರೆದ ಮೇಲೂ ನಡೆಯುತ್ತೆ, ಭೇಷ್. ಅದೇ ಸಂಜೆ ಗೇಮಿನ ಪ್ರತಿ ಸಿದ್ಧ ಮಾಡಿಸಿ, ಎಲ್ಲ ಪರೀಕ್ಷೆಯೂ ಆಗಿದೆ ಎಂದು ಬರೆದು, ಗೇಮನ್ನು ಮಾರಾಟಕ್ಕೆ ಒಯ್ಯುವ ಕಂಪನಿಗೆ ಕಳಿಸಿಬಿಟ್ಟ. ಗುರುವಾರ ದೊಡ್ಡ ಹಾಲಿನಲ್ಲಿ ಪ್ರದರ್ಶನ. ಹನ್ನೆರಡು ಕಂಪ್ಯೂಟರಿನಲ್ಲಿ ಈ ಗೇಮ್ ಇಟ್ಟು, ಬಂದ ಜನರಿಗೆಲ್ಲ ಆಡಲು ಬಿಡುತ್ತಾರೆ. ಮೊದಲ ದಿನ, ಬಾಗಿಲ ಹತ್ತಿರದ ಜಾಗ.

ಮಂಗಳವಾರ ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ಈ ಸುದ್ದಿ ಹೇಳಿದ. "ನಮ್ಮ ಎಕ್ಸ್‌ಚೇಂಜ್ ಅಕ್ಕನೇ ನಡೆಯುತ್ತೆ ಅಂತ ಬರ್ದಿದಾರೆ ಅಂದ್ಮೇಲೆ ಇನ್ಯಾರೂ ಕೊಂಕು ತೆಗೆಯೋ ಹಾಗಿಲ್ಲ" ಎಂದು ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮೈ ಉರಿಯಿತು.

"ನಡೆಯುತ್ತೆ ಅಂತ ಬರ್ದಿದೀನಿ ಸಾರ್, ಸುಳ್ಳಲ್ಲ. ನಡೆಯುತ್ತೆ! ಗೊಂಬೆ ನಡೆಯುತ್ತೆ! ನಿಲ್ಲಬೇಕಾದಾಗಲೂ ನಿಲ್ಲದೆ ನಡೆಯುತ್ತೆ! ಅದೇ ತಪ್ಪು ಅಂತ ಬರ್ದಿರೋದು!"

ಆಮೇಲೆ ಯಾರೋ ಕಿಸಕ್ಕೆಂದರು, ಅದು ಹತ್ತಿಕೊಂಡು ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗದಿದ್ದವರು ಇಬ್ಬರೇ, ಮಾಲೀಕ ಮತ್ತು ಅಕ್ಕ.

ಮಾಲೀಕ ಅವಳನ್ನು ಒಳಗೆ ಕರೆದ. ಬೇಕಾದಾಗ ಅಕ್ಕ ಎನ್ನುವುದು, ಸಿಟ್ಟು ಬಂದಾಗ ಮೇಡಂ ಎನ್ನುವುದು ಅವನ ಪದ್ಧತಿ. ಅವತ್ತು ಅಕ್ಕನಿಂದಲೇ ಶುರು ಮಾಡಿದ.

"ನೋಡಿ ಅಕ್ಕ, ಅದು ನಿಮ್ಮೊಬ್ಬರಿಗೆ ಮಾತ್ರ ಆಗ್ತಿರೋದು. ಇಷ್ಟು ಜನ ಆಡ್ತಾರೆ, ಬೇರೆ ಯಾರಿಗೂ ಆಗಿಲ್ಲ. ಬೇಜಾರು ಮಾಡ್ಕೋಬೇಡಿ, ತಪ್ಪು ಗೇಮಲ್ಲಿ ಇಲ್ಲ, ನಿಮ್ಮ ಕೈಲಿದೆ."

ಅವನು ಒಂದು ಹೊಸ ಹಾಳೆ ಮುಂದಿಟ್ಟ. ಕಂಪನಿಯವರಿಗೆ ಕೊಡಬೇಕಾದ್ದು. ಎಲ್ಲ ಕಿಟಕಿಗಳನ್ನೂ ಪರೀಕ್ಷಿಸಿದ್ದೇನೆ, ದೋಷವಿಲ್ಲ ಎಂದು ಅಚ್ಚಾಗಿತ್ತು. ಕೆಳಗೆ ಪರೀಕ್ಷಕರ ಸಹಿ ಎಂದು ಗೆರೆ.

"ಹಾಳೇಲಿ ಇದ್ದದ್ದು ಎರಡರ್ಥ ಬರೋ ಹಾಗಿದೆ. ಇದರಲ್ಲಿ ಒಂದೇ ಅರ್ಥ. ಒಂದು ಸಹಿ ಹಾಕಿ, ಮುಗೀತು."

"ಹಾಕಲ್ಲ ಸಾರ್."

"ಮೇಡಂ, ನಾಳೆ ಹನ್ನೆರಡು ಗಂಟೆಗೆ ಇದು ಅಲ್ಲಿಗೆ ಹೋಗಬೇಕು."

"ಗೊಂಬೆ ನಿಂತ್ರೆ ಹಾಕ್ತೀನಿ."

"ನಾಳೆ ಹನ್ನೆರಡರೊಳಗೆ ಸಹಿ ಹಾಕಿ, ಇಲ್ಲ ಅಂದ್ರೆ ನಿಮ್ಮ ಚೀಲ ತಗೊಂಡು ಹೊರಡಿ. ಸಹಿ ಹಾಕೋ ಕೈ ಬೇರೆ ಸಿಗುತ್ತೆ ನನಗೆ."

ಮನೆಗೆ ಬಂದವಳು ಚಪ್ಪಲಿಯನ್ನು ಬಿಟ್ಟಳೋ ಎಸೆದಳೋ ಹೇಳುವುದು ಕಷ್ಟ. ಗಂಡ ಇಡೀ ಆಯುಷ್ಯ ಬಸ್ ಓಡಿಸಿ, ಈಗ ಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಮನುಷ್ಯ. ಹೆಂಡತಿಯ ಮುಖ ನೋಡಿದವನೇ ತಟ್ಟೆಯನ್ನು ಅವಳತ್ತ ಸರಿಸಿದ. ಕೈಗೆ ಕೆಲಸ ಸಿಕ್ಕರೆ ಅವಳ ಬಾಯಿ ತಾನಾಗಿ ಬಿಚ್ಚುತ್ತದೆ ಎಂಬುದು ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವನು ಕಲಿತ ಗುಟ್ಟು. ಅವಳು ಎಲ್ಲವನ್ನೂ ಹೇಳಿದಳು, ಕಿಟಕಿ, ಗೊಂಬೆ, ಅರ್ಧ ಸೆಕೆಂಡು. ಕೇಳಿ ಅವನು ಯೋಚಿಸಿದ.

"ಅಂದ್ರೆ ಕಾಲು ತೆಗೆದ್ರೂ ಆಕ್ಸಿಲರೇಟರು ಮೇಲೇಳಲ್ಲ ಅಂತೀಯ."

"ಅದೇ."

"ಅಂಥ ಗಾಡಿ ಡಿಪೋ ಗೇಟ್ ದಾಟಬಾರದು."

"ಮತ್ತೆ?"

"ಮತ್ತೇನಿಲ್ಲ. ಗಾಡಿ ನಿಂದಲ್ವಲ್ಲೇ. ಈ ವಯಸ್ಸಲ್ಲಿ ಇನ್ನೊಂದು ಕುರ್ಚಿ ಯಾರು ಕೊಡ್ತಾರೆ? ನೀನು ಆ ಕೆಲಸಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ಮನೇಲಿ ನಗು ಕೇಳಿಸ್ತಾ ಇದೆ. ಅದಕ್ಕೆ ಹೇಳ್ದೆ. ಗಾಡಿ ಅವರದು."

"ಗಾಡಿ ಅವರದು. ಸಹಿ ನಂದು."

ಅವನು ತಟ್ಟೆಯನ್ನು ತನ್ನತ್ತ ಎಳೆದುಕೊಂಡ. ಅವಳು ಯಾವುದನ್ನು ನೆನೆಸಿಕೊಂಡು ಹೀಗೆ ಪಟ್ಟು ಹಿಡಿದಿದ್ದಾಳೆ ಎಂದು ಅವನೊಬ್ಬನಿಗೇ ಗೊತ್ತಿತ್ತು.

ಆಸ್ಪತ್ರೆಯ ಬೋರ್ಡಿನಲ್ಲಿ ಪ್ರತಿ ಲೈನಿಗೂ ಒಂದು ಪುಟ್ಟ ದೀಪ. ವಾರ್ಡಿನವರು ಫೋನ್ ಇಟ್ಟರೆ ಅದು ಹೊತ್ತಬೇಕು, ಆಗ ವೈರು ಕೀಳಬೇಕು. ಒಂದು ವಾರ್ಡಿನ ದೀಪ ಸುಟ್ಟುಹೋಗಿತ್ತು. ಎಂಟು ದಿನ ಹೇಳಿದಳು. ಮೇಲಿನವನು "ನಡೆಯುತ್ತೆ ಬಿಡಿ" ಎಂದ. ತಿಂಗಳ ಕೊನೆಗೆ ಎಲ್ಲ ಲೈನೂ ಸರಿಯಿವೆ ಎಂಬ ರಿಜಿಸ್ಟರು ಬಂತು, ಎಲ್ಲರೂ ಹಾಕಿದ ಹಾಗೆ ಅವಳೂ ಸಹಿ ಹಾಕಿದಳು. ಮಾರನೆಯ ದಿನ ಬೆಳಗ್ಗೆ ಆ ವಾರ್ಡಿನವರು ಮಾತು ಮುಗಿಸಿ ಫೋನ್ ಇಟ್ಟದ್ದು ಅವಳಿಗೆ ತಿಳಿಯಲಿಲ್ಲ. ಇಪ್ಪತ್ತು ನಿಮಿಷ ಲೈನು ಹಿಡಿದುಕೊಂಡೇ ಇತ್ತು. ಅಷ್ಟೂ ಹೊತ್ತು ಒಬ್ಬ ಮುದುಕ ದೂರದಿಂದ ಆ ವಾರ್ಡಿನಲ್ಲಿದ್ದ ತನ್ನ ಹೆಂಡತಿಯ ಜೊತೆ ಮಾತಾಡಲು ಕರೆ ಮಾಡುತ್ತಲೇ ಇದ್ದ. ಲೈನು ಸಿಗುವಷ್ಟರಲ್ಲಿ ಆಕೆಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದಾಗಿತ್ತು. ಎರಡು ದಿನ ಕಳೆದು ಅವನು ಹುಡುಕಿಕೊಂಡು ಬೋರ್ಡಿನ ಕೋಣೆಯ ಬಾಗಿಲಿಗೇ ಬಂದ. ಬೈಯಲಿಲ್ಲ. "ಲೈನ್ ಯಾಕೆ ಬಿಡಲಿಲ್ಲ ತಾಯಿ?" ಎಂದಷ್ಟೇ ಕೇಳಿದ. ಆಕೆ ಬದುಕಿದಳೋ ಇಲ್ಲವೋ ಎಂದು ತಿರುಗಿ ಕೇಳುವಷ್ಟು ಧೈರ್ಯ ಅವಳಿಗೆ ಬರಲಿಲ್ಲ. ಅವನು ಹೋದ ಮೇಲೆ ಅವಳು ರಿಜಿಸ್ಟರು ತೆಗೆದು ತನ್ನ ಸಹಿಯನ್ನು ನೋಡಿದಳು. ಅದು ಬಹಳ ಚೆನ್ನಾಗಿತ್ತು, ಒಂದು ಗೆರೆಯೂ ಅಲುಗಿರಲಿಲ್ಲ.

ಗೇಮಿನ ಗೊಂಬೆಗೆ ಹೆಂಡತಿಯೂ ಇಲ್ಲ, ಆಪರೇಷನ್ನೂ ಇಲ್ಲ. ಅದು ಸತ್ತರೆ ಮತ್ತೆ ಹುಟ್ಟುತ್ತದೆ. ಅಷ್ಟು ಅವಳಿಗೂ ತಿಳಿಯುತ್ತಿತ್ತು, ತಲೆ ಕೆಟ್ಟಿರಲಿಲ್ಲ. ಆದರೆ ನೋಡಿದ್ದು ಒಂದು, ಸಹಿ ಹಾಕಿದ್ದು ಇನ್ನೊಂದು ಎನ್ನುವುದನ್ನು ಅವಳ ಕೈ ಒಮ್ಮೆ ಮಾಡಿತ್ತು. ತಲೆಯ ಮೇಲೆ ತಲೆ ಬಿದ್ದರೂ ಇನ್ನೊಮ್ಮೆ ಮಾಡುವುದಿಲ್ಲ ಎಂದು ಅಂದೇ ತೀರ್ಮಾನವಾಗಿತ್ತು. ಮೇಲಾಗಿ, ತಪ್ಪು ನಿಮ್ಮ ಕೈಲಿದೆ ಎಂದನಲ್ಲ ಆ ಮಹಾರಾಯ, ಅದು ಕಿವಿಯೊಳಗೆ ಕೂತು ಕೊರೆಯುತ್ತಿತ್ತು.

ಬುಧವಾರ ಬೆಳಗ್ಗೆ ಬೆರಳನ್ನು ಬಿಸಿನೀರಿಗೆ ಅದ್ದದೆ ಹಾಗೇ ಹೊರಟಳು. ಇರಲಿ, ಇವತ್ತು ಇದ್ದ ಹಾಗೇ ಇರಲಿ.

ಆಫೀಸಿಗೆ ಬಂದವಳು ತನ್ನ ಕುರ್ಚಿಗೆ ಹೋಗಲಿಲ್ಲ. ಚಿತ್ರದ ಹುಡುಗಿಯ ಮೇಜಿನ ಮೇಲೆ ಕಾಗದ ಅಂಟಿಸುವ ಬಿಳಿ ಟೇಪಿನ ಸುರುಳಿ ಇತ್ತು. ಅದನ್ನೆತ್ತಿಕೊಂಡು ನೇರ ಆಗುತ್ತಣ್ಣನ ಹತ್ತಿರ ಹೋಗಿ, "ಎಡಗೈ ಕೊಡು" ಎಂದಳು.

"ಯಾಕಕ್ಕ?"

"ಕೊಡು ಅಂದೆ."

ಇಲ್ಲ ಎನ್ನಲು ಬಾರದವನು, ಕೊಟ್ಟ. ಅವನ ನಡುಬೆರಳು, ಉಂಗುರಬೆರಳನ್ನು ಜೋಡಿಸಿ ಬಿಗಿಯಾಗಿ ಮೂರು ಸುತ್ತು ಸುತ್ತಿ ಹಲ್ಲಿನಿಂದ ಕತ್ತರಿಸಿದಳು. "ಈಗ ಆಡು."

ಅವನು ಗೊಂಬೆಯನ್ನು ನಡೆಸಿದ. ಕಿರುಬೆರಳಿನಿಂದ ಟ್ಯಾಬ್ ಒತ್ತಿದ. ಕಟ್ಟಿದ ಬೆರಳುಗಳು ಡಬ್ಲ್ಯೂ ಮೇಲಿಂದ ತಡವಾಗಿ, ಒಲ್ಲದ ಮನಸ್ಸಿನಿಂದ ಎದ್ದವು. ಪುಸ್ತಕ ತೆರೆಯಿತು, ಹೊತ್ತು ಬರೆದ, ಮುಚ್ಚಿದ. ಗೊಂಬೆ ಹಳಿಯ ಮೇಲಿತ್ತು. ಮತ್ತೆ ಆಡಿದ, ಮತ್ತೆ ಬಿತ್ತು. ಐದನೆಯ ಸಲಕ್ಕೆ ಅವನ ಸುತ್ತ ಜನ ಸೇರಿದ್ದರು. ನಿನ್ನೆ ಹೊಟ್ಟೆ ಹಿಡಿದು ನಕ್ಕವರು ಇಂದು ಉಸಿರು ಬಿಡದೆ ನೋಡುತ್ತಿದ್ದರು. ಚಿತ್ರದ ಹುಡುಗಿ ತನ್ನ ಕೈಗೂ ಟೇಪು ಸುತ್ತಿಸಿಕೊಂಡು ಕೂತಳು. ಎರಡನೆಯ ಸಲಕ್ಕೇ ಬೀಳಿಸಿದಳು.

"ಅಯ್ಯೋ, ನನ್ನ ಹಾಳೆ ಮಗುಚೋ ಸಂದೀಲಿ ಹೋಗ್ತಿದೆ ಅಲ್ವಾ ಅಕ್ಕ" ಎಂದಳು.

"ಹಾಳೆ ಚೆನ್ನಾಗಿದೆ ಕಣೇ, ಅದು ಇರಲಿ. ಮಗುಚೋಕೆ ಮುಂಚೆ ಒಂದು ಕೆಲಸ ಆಗಬೇಕು, ಅಷ್ಟೇ." ಅಕ್ಕ ಆಗುತ್ತಣ್ಣನ ಕಡೆ ತಿರುಗಿದಳು. "ಕಿಟಕಿ ತೆರೆಯೋ ಮೊದಲು, ಒತ್ತಿರೋದನ್ನೆಲ್ಲ ಬಿಟ್ಟಾಯ್ತು ಅಂತ ಗೊಂಬೆಗೆ ನೀನೇ ಹೇಳ್ಬಿಡು. ಬೆರಳು ಯಾವಾಗ ಏಳುತ್ತೋ ಅಂತ ಕಾಯ್ತಾ ಕೂರಬೇಡ. ಹಳೇ ವೈರು ಕಿತ್ತಾದ ಮೇಲೇ ಹೊಸದು ಸಿಕ್ಕಿಸೋದು."

ಅವನು ಟೇಪು ಸುತ್ತಿದ ಕೈಯಿಂದಲೇ ತಲೆ ಕೆರೆದುಕೊಂಡ. "ಬರೆಯೋದು ನಾಲ್ಕು ಸಾಲು. ಆದ್ರೆ ಎಲ್ಲಾ ಕಿಟಕಿಗೂ ಹಾಕಿ, ಎಲ್ಲಾನೂ ಮತ್ತೆ ನೋಡಬೇಕು. ಎರಡು ದಿನ" ಎಂದ.

"ಯಾವ ಎರಡು ದಿನ?" ಎಂದು ಬಾಗಿಲಿನಿಂದ ಕೇಳಿಸಿತು.

ಮಾಲೀಕ ಬಂದಿದ್ದ. ಕೈಯಲ್ಲಿ ಅದೇ ಹಾಳೆ. ಗುಂಪನ್ನು ಸರಿಸಿ ಬಂದು ಪರದೆ ನೋಡಿದ, ಟೇಪು ನೋಡಿದ, ಮುಖ ಕೆಂಪಗಾಯಿತು.

"ಇದೇನು ಸರ್ಕಸ್ಸಾ? ಬೆರಳಿಗೆ ಟೇಪ್ ಸುತ್ಕೊಂಡು ಯಾರು ಮೇಡಂ ಗೇಮ್ ಆಡ್ತಾರೆ?"

ಅಕ್ಕ ತನ್ನ ಎಡಗೈಯನ್ನು ಅವನ ಮುಖದ ಮುಂದೆ ಹಿಡಿದಳು. ಬಿಸಿನೀರು ಕಾಣದ ಬೆರಳು ಅರ್ಧ ಮಡಚಿಯೇ ಇತ್ತು.

"ನಾನು ಆಡ್ತೀನಿ ಸಾರ್. ನೋಡಿ, ಇದಕ್ಕೆ ಯಾರು ಸುತ್ತಿದಾರೆ ಟೇಪು?"

ಅವನು ಬೇರೆ ಕಡೆ ನೋಡಿದ. ಅವಳು ಕೈ ಇಳಿಸಲಿಲ್ಲ.

"ತಪ್ಪು ನಿಮ್ಮ ಕೈಲಿದೆ ಅಂದ್ರಿ. ಈ ಕೈ ಇಪ್ಪತ್ತಾರು ವರ್ಷ ಒಂದು ಆಸ್ಪತ್ರೆಗೆಲ್ಲ ಮಾತು ತಲುಪಿಸಿದೆ. ನಿಧಾನ ಆಗಿದೆ, ನಿಜ. ನಿಧಾನ ಆಗೋದು ತಪ್ಪಲ್ಲ. ಹಾಲ್‌ಗೆ ಬರೋರಲ್ಲಿ ಎಷ್ಟು ಜನದ ಬೆರಳು ಹೀಗಿದೆ ನಿಮಗೇನು ಗೊತ್ತು? ಅವರು ಬೀಳಿಸ್ಕೊಂಡು, ನನಗೆ ಇದೆಲ್ಲ ಬರಲ್ಲಪ್ಪ ಅಂತ ಎದ್ದು ಹೋಗ್ತಾರೆ. ತಪ್ಪು ತಮ್ಮದೇ ಅಂದ್ಕೊಂಡು ಹೋಗ್ತಾರೆ. ಅಂಥೋರು ವಾಪಸ್ ಬಂದು ನಿಮ್ಮ ಹತ್ರ ತಕರಾರೂ ಮಾಡಲ್ಲ. ಅದಕ್ಕೇ ನಾನು ಮಾಡ್ತಿರೋದು."

"ಭಾಷಣ ಬೇಡ. ಗಂಟೆ ಹನ್ನೊಂದೂವರೆ ಆಯ್ತು. ಸಹಿ ಹಾಕ್ತೀರೋ ಇಲ್ವೋ?"

"ಇಲ್ಲ."

"ಹಾಗಾದ್ರೆ ಹೊರಡಿ."

ಅವಳು ತನ್ನ ಮೇಜಿಗೆ ಹೋಗಿ ಊಟದ ಡಬ್ಬಿ, ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ದಿಂಬು, ಕನ್ನಡಕದ ಪೆಟ್ಟಿಗೆ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಅಳು ಬಂದರೆ ಬೀದಿಯಲ್ಲಿ ಅಳೋಣ, ಇವನ ಮುಂದೆ ಒಂದು ಹನಿಯೂ ಬೇಡ ಎಂದು ಹಲ್ಲು ಕಚ್ಚಿದಳು. ಆ ಕುರ್ಚಿ ಅವಳಿಗೆ ಎಷ್ಟು ಬೇಕಾಗಿತ್ತೆಂದು ದಿಂಬು ಎತ್ತುವಾಗ ಗೊತ್ತಾಯಿತು.

ಮಾಲೀಕ ಹಾಳೆಯನ್ನು ಆಗುತ್ತಣ್ಣನ ಮುಂದಿಟ್ಟ. "ನೀವು ಹಾಕಿ. ಪರೀಕ್ಷಕರು ಅಂತ ನಿಮ್ಮ ಹೆಸರೇ ಇರಲಿ."

ಆಗುತ್ತಣ್ಣ ಪೆನ್ನು ಹಿಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡಿದರು, ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಅವನು ಪೆನ್ನನ್ನು ಕೆಳಗಿಟ್ಟ.

"ಆಗಲ್ಲ ಸಾರ್" ಎಂದ.

ತಾನೇನು ಹೇಳಿದೆ ಎಂದು ಅವನಿಗೇ ಗಾಬರಿಯಾದ ಹಾಗಿತ್ತು. "ನಾನೇ ಐದು ಸಲ ಬೀಳಿಸಿದೀನಿ ಸಾರ್. ಹೇಗೆ ಹಾಕಲಿ?"

ಹಾಳೆ ಚಿತ್ರದ ಹುಡುಗಿಯ ಮುಂದೆ ಹೋಯಿತು. ಅವಳು ಟೇಪು ಸುತ್ತಿದ ಬೆರಳು ತೋರಿಸಿ, "ನಂದು ಎರಡೇ ಸಲಕ್ಕೆ ಬಿತ್ತು ಸಾರ್" ಎಂದಳು. ಮಿಕ್ಕವರು ಒಬ್ಬೊಬ್ಬರಾಗಿ ತಂತಮ್ಮ ಪರದೆಯೊಳಗೆ ಮುಖ ಹುದುಗಿಸಿದರು. ಕೇಳಿದ್ದರೆ ಅವರಲ್ಲಿ ಒಬ್ಬಿಬ್ಬರು ಹಾಕುತ್ತಿದ್ದರೋ ಏನೋ. ಆದರೆ ಕೇಳುವ ಮುಖ ಅವನಿಗೆ ಉಳಿದಿರಲಿಲ್ಲ. ಹಾಳೆ ಹಿಡಿದು ಕೋಣೆಯ ನಡುವೆ ನಿಂತ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು, ಕಂಪನಿಯವರದು.

"ಹಾಂ... ಹೌದು ಮೇಡಂ... ಇಲ್ಲ, ಹಾಳೆ ಇನ್ನೂ..." ಅವನ ಕಣ್ಣು ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದ ಅಕ್ಕನ ಮೇಲೆ ಬಿತ್ತು. ಇನ್ನೇನು ಸುಳ್ಳು ಹೇಳುತ್ತಾನೆ ಎಂದು ಅವಳು ಕಾದಳು. ಹೇಳಬಹುದಿತ್ತು, ಬಾಯಿ ತೆರೆದಿದ್ದ ಕೂಡ. "ನಮ್ಮ ಟೆಸ್ಟರ್ ಒಪ್ಪಿಲ್ಲ ಮೇಡಂ" ಎಂದ. "ಒಂದು ತಪ್ಪಿದೆಯಂತೆ... ಅಂತೆ ಅಲ್ಲ, ಇದೆ. ನಾನೂ ನೋಡ್ದೆ. ಎರಡು ದಿನ ಬೇಕು."

ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಅವನು ಹೂಂಗುಟ್ಟಿದ. ಫೋನ್ ಇಟ್ಟಾಗ ಮುಖ ಬಾಡಿತ್ತು.

"ಮೊದಲ ದಿನ ಹೋಯ್ತು. ಬಾಗಿಲ ಹತ್ರದ ಜಾಗ ಬೇರೆಯವರಿಗೆ ಕೊಡ್ತಾರಂತೆ. ನಮಗೆ ಶನಿವಾರ, ಹಿಂದಿನ ಸಾಲು, ನೀರಿನ ಕ್ಯಾನ್ ಪಕ್ಕ." ದನಿ ಏರಿತು. ಹಾಳೆಯನ್ನು ಮೇಜಿನ ಮೇಲೆ ಬಡಿದ. "ಎಂಟು ತಿಂಗಳ ಕೆಲಸ! ಎಲ್ಲಾ ನಿಮ್ಮಿಂದ. ಗೊತ್ತಾಯ್ತಾ? ಇದೆಲ್ಲಾ ಆಗಿದ್ದು ನಿಮ್ಮೊಬ್ಬರಿಂದ!"

ಅಕ್ಕ ಚೀಲವನ್ನು ಕೆಳಗಿಟ್ಟಳು. ನಡೆದು ಬಂದು ಆ ಹಾಳೆಯನ್ನು ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿ, ಅವನ ಮುಂದೆ ಸರಿಸಿದಳು.

"ಹೌದು ಸಾರ್, ನನ್ನಿಂದಲೇ" ಎಂದಳು. "ಅದನ್ನ ಇಲ್ಲಿ ಬರೀರಿ. ಅದಕ್ಕೆ ಸಹಿ ಹಾಕ್ತೀನಿ."